ದೀಪ ಹತ್ತುವ ತನಕ

೧೫ ನವೆಂಬರ್ ೧೯೯೬, ಶುಕ್ರವಾರ

...'ದೀಪ ಹತ್ತೋ ತನಕ ಹೊರಡಬೇಡಿ.' ಎಂ.ಡಿ. ಅಂದದ್ದು ಹೀಗೋ, 'ದೀಪ ನೋಡ್ಕೊಂಡು ಬನ್ನಿ' ಅಂತಲೋ. ಎರಡಕ್ಕೂ ವ್ಯತ್ಯಾಸ ಇದೆ. ಕೇಳಬಹುದಿತ್ತು. ಕೇಳಲಿಲ್ಲ. ಪರ್ಸನೆಲ್ ಆಫೀಸರ್ ಆಗಿ ಹದಿನಾರು ವರ್ಷ — ಏನನ್ನು ಕೇಳಬಾರದು ಎಂಬುದಷ್ಟೇ ಕಲಿತದ್ದು.

೨೪ರ ಭಾನುವಾರ ಮೈಸೂರು ಅರಮನೆ. ಎಲ್ಲ ಕಾರ್ಮಿಕರು, ಅವರ ಹೆಂಡತಿ ಮಕ್ಕಳು. ನಾಲ್ಕು ಬಸ್, ಕಂಪನಿಯದೇ ಊಟ. ಪೀಣ್ಯದ ಈ ಶೆಡ್‌ನಲ್ಲಿ ಇಂಥದ್ದು ಮೊದಲ ಸಲ.

೧೮, ಸೋಮವಾರ

ದ್ಯಾಮಣ್ಣ ಒಪ್ಪುತ್ತಿಲ್ಲ. ಲೇತ್ ಆಪರೇಟರ್, ಯೂನಿಯನ್ ಕಾರ್ಯದರ್ಶಿ. ಮಷೀನುಗಳನ್ನು ಹೊಸೂರಿಗೆ ಸಾಗಿಸುತ್ತಾರೆಂಬ ಸುದ್ದಿ ಹಬ್ಬಿದಂದಿನಿಂದ, ಫ್ಯಾಕ್ಟರಿ ಮುಚ್ಚಿರುವ ಹೊತ್ತಿನಲ್ಲೆಲ್ಲ ಕಾರ್ಮಿಕರಲ್ಲಿ ಇಬ್ಬರು ಗೇಟಿನೆದುರಿನ ಟೀ ಅಂಗಡಿಯಲ್ಲಿ ಕೂರುತ್ತಾರೆ. ಸರದಿಯ ಮೇಲೆ. ಮೂರು ತಿಂಗಳಾಯಿತು.

'ಆವತ್ತು ಗೇಟಿಗೆ ಯಾರು ಕುಂದ್ರೋರ್ರಿ ಸಾಹೇಬ್ರ?'

'ವಾಚ್‌ಮನ್ ಇರ್ತಾನಲ್ಲ.'

'ಅಂವ ಕಂಪನಿ ಮನಶ್ಯಾ.'

'ನಾನೂ ಕಂಪನಿ ಮನಶ್ಯಾನ.'

ನಕ್ಕ. 'ನೀವು ನಮ್ಮ ರೋಣದ ಕಡೆಯವರ್ರಿ. ನೀವೂ ಬರ್ತೀರೇನು?'

'ಹೆಂಡ್ತೀನ್ನೂ ಕರ್ಕೊಂಡು ಬರ್ತೀನಿ.'

'ಹಂಗಾರ ಆತ್ ಬಿಡ್ರಿ.'

ಒಂದೇ ತಾಲೂಕು. ಅವನಿಗೆ ಅಷ್ಟು ಸಾಕಾಯಿತು.

೨೪, ಭಾನುವಾರ. ಮಧ್ಯಾಹ್ನ ೩

ಅರಮನೆಯ ತೋಟ. ಬೆಂಚಿನ ಮೇಲೆ ಬರೆಯುತ್ತಿದ್ದೇನೆ.

ಗಂಡಸರೆಲ್ಲ ಕಂಪನಿಯ ಸೇಫ್ಟಿ ಶೂ ಹಾಕಿಕೊಂಡು ಬಂದಿದ್ದಾರೆ. ಪಾಲಿಶ್ ಮಾಡಿ. ಬೇರೆ ಒಳ್ಳೆಯ ಜೊತೆ ಇಲ್ಲ. ಬಾಗಿಲಲ್ಲಿ ಚಪ್ಪಲಿ ಕಾಯುವವನು ಒಂದೇ ಥರದ ಅರವತ್ತು ಜೊತೆ ನೋಡಿ, 'ಪೊಲೀಸ್ನೋರಾ ಸಾರ್?' ಎಂದ.

ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆಯೆತ್ತಿ ಬಣ್ಣದ ಗಾಜಿನ ನವಿಲು ನೋಡುತ್ತಿದ್ದರು. ದ್ಯಾಮಣ್ಣ ಕಂಬಕ್ಕೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ.

'ಎರಕ ರೀ. ಎಲ್ಲಿ ಜೋಡಿಸ್ಯಾರ ಅನ್ನೂದು ತಿಳಿಯಂಗಿಲ್ಲ. ಕೈ ಅಂದ್ರ ಇದು.'

'ಮುಟ್ಟಬಾರದು ಕಣ್ರೀ,' ಕಾವಲಿನವನು ಗದರಿದ.

'ಇಲ್ಲೂ ಡ್ಯೂಟಿ ಶುರು ಮಾಡಿದ್ರೇನು?' ದ್ಯಾಮಣ್ಣನ ಹೆಂಡತಿ ದಾನೇಶ್ವರಿ.

ಅರಮನೆಯ ಹಿಂಬದಿಯ ಮ್ಯೂಸಿಯಂನಲ್ಲಿ ಪಾತ್ರೆ, ಆಟಿಕೆ, ಕತ್ತಿ. ದ್ಯಾಮಣ್ಣ ಬಹಳ ಹೊತ್ತು ನಿಂತ.

'ರಾಜ್ಯ ಹೋದ್ರೂ ಸಾಮಾನ ಇದ್ದಲ್ಲೇ ಐತಿ ನೋಡ್ರಿ.'

ನಾನು ಮುಂದಿನ ಕೋಣೆಗೆ ಹೋದೆ.

ಸಂಜೆ ೬.೨೦

ಹೊರಗಿನ ಎಸ್‌ಟಿಡಿ ಬೂತ್‌ನಿಂದ ಫೋನ್ ಮಾಡಿದೆ. ಹೊರಡುವ ಮೊದಲು ಮಾಡಿ ಎಂದಿದ್ದರು ಎಂ.ಡಿ.

'ಇನ್ನೂ ಮೂರು ಲಾರಿ ಲೋಡ್ ಆಗ್ಬೇಕು. ಸ್ವಲ್ಪ ಎಳೀರಿ.'

ಹಿಂದೆ ಕ್ರೇನಿನ ಸದ್ದು. ಇನ್ನು ಗೊತ್ತಿಲ್ಲ ಎನ್ನುವಂತಿಲ್ಲ.

ವಾಪಸ್ ಬಂದರೆ ದ್ಯಾಮಣ್ಣ, ಹೆಗಲ ಮೇಲೆ ನಿದ್ದೆ ಹೋದ ಮಗಳು.

'ಹೊರಡೂಣೇನ್ರಿ ಸಾಹೇಬ್ರ? ಕೂಸಿಗೆ ದಣಿವಾಗೇತಿ. ನಾಳೆ ಫಸ್ಟ್ ಶಿಫ್ಟು.'

'ಏಳಕ್ಕ ದೀಪ ಹಚ್ತಾರ. ನೋಡೇ ಹೋಗೂಣು.'

'ಆತ್ರಿ.'

ಈಗ ಹೇಳಿದ್ದರೂ ಪೀಣ್ಯಕ್ಕೆ ನಾಲ್ಕು ಗಂಟೆ ದಾರಿ, ಅಂದುಕೊಂಡೆ. ದಾಸರಹಳ್ಳಿಯ ಯೂನಿಯನ್ ಆಫೀಸಿಗೆ ಫೋನ್ ಇದೆ. ಅಲ್ಲಿಂದ ಗೇಟಿಗೆ ಹತ್ತು ನಿಮಿಷ. ನಂಬರ್ ಈ ಡೈರಿಯ ಕೊನೆಯ ಪುಟದಲ್ಲೇ ಇದೆ.

೨೫, ಸೋಮವಾರ

ನಿನ್ನೆ ಅರಮನೆಯ ದೀಪ ಒಂದೇ ಸಲಕ್ಕೆ ಹತ್ತಿತ್ತು. ಗೋಡೆಗಳು ಮಾಯವಾಗಿ ಬೆಳಕಿನ ಗೆರೆಗಳಷ್ಟೇ ಉಳಿದವು. ದ್ಯಾಮಣ್ಣ ಮಗಳನ್ನು ಎಬ್ಬಿಸಿ ತೋರಿಸಿದ. ಅವಳು ಚಪ್ಪಾಳೆ ತಟ್ಟಿದಳು.

ಬೆಳಿಗ್ಗೆ ಫಸ್ಟ್ ಶಿಫ್ಟ್‌ನವರು ಗೇಟು ತಳ್ಳಿ ಒಳಗೆ ಹೋದರು. ಶೆಡ್‌ನಲ್ಲೂ ಗೆರೆಗಳೇ. ಮಷೀನಿದ್ದ ಕಡೆ ಎಣ್ಣೆಯ ಚೌಕ, ಕತ್ತರಿಸಿದ ಬೋಲ್ಟು. ಲೇತ್ ಮುಂದೆ ದ್ಯಾಮಣ್ಣ ಹನ್ನೊಂದು ವರ್ಷ ನಿಂತ ಹಲಗೆ ಮಾತ್ರ ಬಿಟ್ಟಿದ್ದರು. ಅವನ ಎರಡು ಪಾದದ ಜಾಗ ಸವೆದಿದೆ. ಅದರ ಮೇಲೆ ಹತ್ತಿ ನಿಂತ. ಉಳಿದವರು ನನ್ನನ್ನು ಬೈದರು, ಒಬ್ಬ ಅಂಗಿ ಹಿಡಿದ. ದ್ಯಾಮಣ್ಣ ಈ ಕಡೆ ತಿರುಗಲಿಲ್ಲ.

ಮನೆಯಲ್ಲಿ ಹೆಂಡತಿ ಶೈಲಜಾ: 'ನಿಮಗ ಮೊದಲ ಗೊತ್ತಿತ್ತು, ಹೌದಲ್ಲೊ?'

'ಸಂಜೀಕ ಗೊತ್ತಾತು.'

'ದೀಪ ಹಚ್ಚೂದಕ್ಕಿಂತ ಮೊದಲೋ, ಆಮ್ಯಾಲೋ?'

ಕೈ ತೊಳೆಯಲು ಎದ್ದೆ.

೧೯ ಜನವರಿ ೧೯೯೭, ಭಾನುವಾರ

ಹೊಸೂರಿನ ಯೂನಿಟ್‌ಗೆ ನಾನು ಮ್ಯಾನೇಜರ್. ನಿನ್ನೆ ಆ ಲೇತ್ ಶುರುವಾಯಿತು. ಆಯುಧಪೂಜೆಗೆ ದ್ಯಾಮಣ್ಣ ಎಳೆದ ವಿಭೂತಿಯ ಮೂರು ಗೆರೆ ಹಾಗೇ ಇದೆ. ಒರೆಸಲೇ ಎಂದು ಹೊಸ ಆಪರೇಟರ್ ಕೇಳಿದ. ಒರೆಸು ಅಂದೆ.

ದ್ಯಾಮಣ್ಣ ಲಗ್ಗೆರೆಯ ಬಾಡಿಗೆ ಕೋಣೆ ಖಾಲಿ ಮಾಡಿದನಂತೆ. ಎಲ್ಲಿಗೆ ಹೋದ, ಯಾರಿಗೂ ತಿಳಿಯದು.

ಬೂತ್‌ನಿಂದ ಬಂದಾಗ ನನ್ನ ಮುಖ ನೋಡಿದ್ದ. ಹೊರಡೋಣವೇ ಎಂದು ಒಂದು ಸಲ ಕೇಳಿದ. ಒಂದೇ ಸಲ. ಇನ್ನೊಂದು ಸಲ ಕೇಳಿದ್ದರೆ ನಾನು —

ಅಷ್ಟು ಬೇಗ 'ಆತ್ರಿ' ಅಂತ ಯಾಕೆ ಅಂದೆ, ದ್ಯಾಮಣ್ಣ?