ತೊಂಬತ್ತೆಂಟು ಅಂಕದ ನೀಲಗಂಗಾ

ಹುಬ್ಬಳ್ಳಿ, ಫೆಬ್ರವರಿ ೩೦, ೨೨೪೧

ಬೆಳಗಾದರೆ ನೃಪತುಂಗ ಬೆಟ್ಟ ಹತ್ತುವ, ಇನ್ನೂರು ವರ್ಷ ಹಿಂದಿನ ಹಿರಿಯರಿಗೆ, ನಿಮ್ಮ ಊರಿನವನೇ ಆದ ಚನ್ನವೀರನ ಶರಣು ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸರಿಸಮ ಮಾಡಿಕೊಂಡು ಕೂತವರು ನಾವು. ಉಳಿದ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ನಿಮಗೆ ತಿಳಿಯದ ಪದ ಬಂದರೆ ಮನ್ನಿಸಿ. ನಿಮ್ಮ ಹಳೆಯ ಫೋಟೊಗಳಲ್ಲಿ ಕೆಲವರು ಬೆಟ್ಟದ ಮೇಲೆ ಸೊಂಟ ಹಿಡಿದು, ಏದುಸಿರು ಬಿಡುತ್ತ ನಗುತ್ತಾರಲ್ಲ, ಅದು ಯಾಕೆಂದು ನನಗೂ ಬಹಳ ದಿನ ತಿಳಿದಿರಲಿಲ್ಲ.

ನಮ್ಮಲ್ಲಿ ಯಾರೂ ನಡೆಯುವುದಿಲ್ಲ. ಮನೆಮನೆಗೂ ಮೈತೊಟ್ಟಿಲು ಇದೆ. ಅದರಲ್ಲಿ ಮಲಗಿದರೆ ಸಾಕು, ನಾವು ನಿದ್ದೆಯಲ್ಲಿರುವಾಗಲೇ ಒಂದೊಂದು ಸ್ನಾಯುವನ್ನೂ ಮಿಡಿಸಿ, ಹಿಗ್ಗಿಸಿ, ಹತ್ತು ಕಿಲೋಮೀಟರ್ ಓಡಿದಷ್ಟು ಕೆಲಸ ಮಾಡಿಸುತ್ತದೆ. ಬೆವರಿಲ್ಲ, ಮೈಕೈ ನೋವಿಲ್ಲ. ಎದ್ದಾಗ ತಲೆದೆಸೆಯಲ್ಲಿ ಮೈಯಂಕ ಮೂಡುತ್ತದೆ. ದೇಹ ನೂರಕ್ಕೆ ಎಷ್ಟು ಗಟ್ಟಿ ಎಂದು ಹೇಳುವ ಸಂಖ್ಯೆ. ಆರೋಗ್ಯ ಕಚೇರಿಯವರು ನೋಡುವುದು ಅದೊಂದನ್ನೇ. ಅಂಕ ಎಂಬತ್ತು ದಾಟಿದರೆ ಕಾಯಿಲೆಯೇ ಇಲ್ಲ ಎಂಬುದು ಅವರ ಲೆಕ್ಕ. ಅರವತ್ತೆರಡು ವರ್ಷದ ನನ್ನ ತೊಡೆ ಕಲ್ಲಿನ ಹಾಗಿದೆ. ಏನು ಮಾಡಲಿ ಅದನ್ನು ಇಟ್ಟುಕೊಂಡು? ಬೀದಿಯಲ್ಲಿ ಎದುರಾಗುವವರೇ ಇಲ್ಲ.

ನನ್ನ ಹೆಂಡತಿ ನೀಲಗಂಗಾ ಒಂಬತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹೇಳಿದಳು, “ಯಾಕೋ ಏಳಾಕ ಮನಸ್ಸ ಆಗವಲ್ದ್ರಿ.” ನಾನು ಅಂಕ ನೋಡಿದೆ. “ತೊಂಬತ್ತೆಂಟು ಐತಲ್ಲ, ನಿನಗೇನ ಆಗೇತಿ?” ಎಂದು ನನ್ನ ಪಾಡಿಗೆ ಎದ್ದು ಹೋದೆ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಊಟ ಅರ್ಧಕ್ಕೆ ಇಳಿಯಿತು, ಹಾಡು ನಿಂತಿತು, ಕೊನೆಗೆ ನನ್ನ ಜೊತೆ ಜಗಳವೂ ನಿಂತಿತು. ಅಂಕ ಮಾತ್ರ ಜಗ್ಗಲಿಲ್ಲ. ಕಚೇರಿಗೆ ಬರೆದೆ, ಗಟ್ಟಿಮುಟ್ಟಾಗಿದ್ದಾರೆ ಎಂದು ಉತ್ತರ ಬಂತು. ಅವರನ್ನು ಬೈದು ಏನು ಬಂತು, ಮೊದಲು ಹಾಗೆಂದವನು ನಾನೇ.

ಹೋದ ತಿಂಗಳು ಮನೆಯೊಳಗಿನ ಮೌನ ತಾಳಲಾರದೆ ಹೊರಬಿದ್ದು ನಿಮ್ಮ ಬೆಟ್ಟ ಹತ್ತಿದೆ. ಅಷ್ಟು ಗಟ್ಟಿ ಕಾಲಿದ್ದರೂ ಕಲ್ಲಿನ ಮೇಲೆ ಪಾದ ಊರುವುದು ಗೊತ್ತಿರಲಿಲ್ಲ, ಎರಡು ಸಲ ಬಿದ್ದೆ. ಮೇಲೆ ತಲುಪಿದಾಗ ಅಂಗಿ ತೊಯ್ದಿತ್ತು. ಗಾಳಿ ಬೀಸಿತು. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಒಂದಿಷ್ಟು ಸರಿದಂತಾಯಿತು. ಯಾರಿಗಾದರೂ ಹೇಳೋಣವೆಂದು ಸುತ್ತ ನೋಡಿದರೆ ನರಪಿಳ್ಳೆ ಇಲ್ಲ. ಆಗ ನಿಮ್ಮ ಮೇಲೆ ಹೊಟ್ಟೆಕಿಚ್ಚಾಯಿತು. ನಿಮಗೆ ಬೆಟ್ಟವೂ ಇದೆ, ಅಲ್ಲಿ ಪಕ್ಕದಲ್ಲಿ ಕೂತು ಬೆವರು ಒರೆಸಿಕೊಳ್ಳುವವರೂ ಇದ್ದಾರೆ.

ನಡೆದರೆ ಎಲ್ಲ ವಾಸಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ಸುಲಭವಾಗಿದ್ದರೆ ನಿಮ್ಮ ಕಾಲದಲ್ಲಿ ಯಾರೂ ಅಳುತ್ತಿರಲಿಲ್ಲ. ನನ್ನದು ಒಂದೇ ಕೋರಿಕೆ. ನಿಮ್ಮ ಜೊತೆ ದಿನಾ ಬರುವವರು ಒಂದು ದಿನ ಬರಲಿಲ್ಲವೆಂದರೆ ಅವರ ಬಾಗಿಲಿಗೆ ಹೋಗಿ ಕರೆಯಿರಿ. ಒಲ್ಲೆ ಎಂದರೆ ಮರುದಿನವೂ ಹೋಗಿ. ನಾನು ಎಂಟು ತಿಂಗಳು ಕರೆಯಲೇ ಇಲ್ಲ.

ಈಗ ನೀಲಗಂಗಾಳನ್ನು ದಿನಾ ಬೆಟ್ಟಕ್ಕೆ ಕರೆಯುತ್ತೇನೆ. ಇಪ್ಪತ್ತಾರು ದಿನ ಗೋಡೆಯ ಕಡೆ ತಿರುಗಿಕೊಂಡಳು. ಇವತ್ತು ಎದ್ದು ಹೊಸ್ತಿಲ ತನಕ ಬಂದಳು, ಬಿಸಿಲು ನೋಡಿದಳು, ಮತ್ತೆ ಒಳಗೆ ಹೋದಳು. ನಾನೊಬ್ಬನೇ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅವಳ ದನಿ ಕೇಳಿಸಿತು:

“ನಾಳೆನೂ ಕರೀರಿ.”