ಯೆಹೆಜ್ಕೇಲನ ಬದಲು

ಪ್ರಿಯ ಹಿರಿಯ ಸಭಾಪಾಲಕರೇ,

ಈ ಭಾನುವಾರ ಚರ್ಚಿನಲ್ಲಿ ನಾನು ಮಾಡಬೇಕಾದ ಪ್ರಸಂಗಕ್ಕೆ ನನಗೆ ಪ್ರವಾದಿ ಯೆಹೆಜ್ಕೇಲನನ್ನು ಕೊಟ್ಟಿದ್ದೀರಿ. ಅವನ ಹೆಂಡತಿ ಸಂಜೆ ತೀರಿಕೊಂಡಳು. ಅಳಬಾರದೆಂದು ದೇವರ ಅಪ್ಪಣೆ. ಬೆಳಿಗ್ಗೆ ಅವನು ಮುಂಡಾಸು ಸುತ್ತಿ ಕೆಲಸಕ್ಕೆ ನಿಂತ. ವಿಶ್ವಾಸಿಗಳಿಗೆ ಇದರಲ್ಲಿ ಮೂರು ಪಾಠಗಳಿವೆ, ಮೂರನ್ನೂ ಬರೆದಿದ್ದೇನೆ.

ಬರೆದದ್ದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ಓದುವುದು ನನ್ನ ಹಳೇ ಚಾಳಿ. "ರೀ, ಎರಡನೇ ಪಾಠಕ್ಕೇ ದೇವರಿಗೂ ಆಕಳಿಕೆ ಬರುತ್ತೆ, ಮೊಟಕು ಮಾಡಿ" ಅನ್ನುತ್ತಿದ್ದಳು ನನ್ನವಳು. ಅವಳು ಹೋಗಿ ಇಂದಿಗೆ ಹತ್ತೊಂಬತ್ತು ದಿನ. ನಿನ್ನೆ ಮೂರನ್ನೂ ಪೂರ್ತಿ ಓದಿದೆ, ಯಾರೂ ತಡೆಯಲಿಲ್ಲ.

ಯೆಹೆಜ್ಕೇಲನ ವಿಧೇಯತೆ ನನ್ನ ಬಾಯಿಗಿದೆ, ಕಣ್ಣಿಗಿಲ್ಲ. ದಯವಿಟ್ಟು ನನಗೆ ಪ್ರವಾದಿ ಯೋನನನ್ನು ಕೊಡಿ. ಅವನೂ ವಹಿಸಿದ ಕೆಲಸ ಮಾಡಿದ, ಆದರೆ ಗೊಣಗುತ್ತ ಮಾಡಿದ. ದೇವರು ಅದನ್ನೂ ಕೇಳಿಸಿಕೊಂಡರು.

ದಣಿದಿರುವ ನಿಮ್ಮ
ಕಿರಿಯ ಸಭಾಪಾಲಕ