ರುಮಾಲಿನ ನ್ಯಾಯ

ಕವಿತಾಳ, ೧೯೭೮

ಮಲ್ಲಟದ ಹಿರಿಯರಾದ ಮುದುಕಪ್ಪನವರಿಗೆ ಶರಣು.

ಜ್ವರ ಬಂದಿದ್ದರಿಂದ, ನಿಮ್ಮೂರ ಅಣ್ಣತಮ್ಮಂದಿರ ಗೋಡೆ ಜಗಳದ ಪಂಚಾಯ್ತಿಗೆ ನನ್ನ ಬದಲು ನನ್ನ ತಲೆಯ ರುಮಾಲು ಕಳಿಸಿದ್ದೆ. ನಾನು ವರ್ಷಗಟ್ಟಲೆ ಕೂತರೂ ಬಗೆಹರಿಯದ ಜಗಳ, ರುಮಾಲನ್ನು ಕುರ್ಚಿಯ ಮೇಲಿಟ್ಟ ಕೂಡಲೇ, ಚಹಾ ಬರುವ ಮೊದಲೇ ಮುಗಿಯಿತಂತೆ. ಸಂತೋಷ. ಆದರೆ, "ಮುಂದಿನ ಸಲನೂ ರುಮಾಲಷ್ಟೇ ಕಳಸ್ರಿ, ನೀವು ಬಂದ್ರ ಮಾತು ಬೆಳಿತದ" ಎಂದು ನೀವು ಹೇಳಿಕಳಿಸಬೇಕಿರಲಿಲ್ಲ. ಇಷ್ಟು ದಿನ ಅದರ ಕೆಳಗೆ ಇದ್ದದ್ದು ನನ್ನ ತಲೆ.

ಇರಲಿ. ರುಮಾಲನ್ನು ನಾಳಿನ ಬಸ್ಸಿಗೇ ಕಳಿಸಿ. ನಿಮ್ಮ ಮಾತು ಕೇಳಿ ಹೆಂಡತಿ ಸೂಗಮ್ಮ ನಕ್ಕಳು; ಅದಕ್ಕೇ ನಮ್ಮಿಬ್ಬರಿಗೂ ಜಗಳ ಹತ್ತಿದೆ. ಎಷ್ಟು ಹೇಳಿದರೂ, "ನಿಮ್ಮ ಮಾತು ನಾ ಕೇಳಂಗಿಲ್ಲ, ರುಮಾಲು ಬಂದು ಹೇಳ್ಲಿ" ಎನ್ನುತ್ತಾಳೆ.

ಇಂತಿ,
ಬರಿತಲೆಯ ವಿರೂಪಣ್ಣ